ಗಡಿ ದಾಟುವ ಆಟ: ಮೂರು ತಾಲ್ಲೂಕು, ಒಬ್ಬ ದಡ್ಡ ಗೂಢಚಾರ

ಕೆಲವು ವಾರಗಳಿಂದ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಕಾರಣ ಸ್ವಲ್ಪ ನಗೆಪಾಟಲಿನದು. ನಾನೊಂದು ಕಂಪ್ಯೂಟರ್ ಆಟ ಬರೀತಾ ಇದ್ದೆ. ಹೌದು, ಬರೀತಾ ಇದ್ದೆ! ಇದರಲ್ಲಿ ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. ಪರದೆಯ ಮೇಲೆ ನಾಲ್ಕು ಸಾಲು ಕತೆ ಬರುತ್ತೆ, ಕೆಳಗೆ ಎರಡು ಮೂರು ದಾರಿ ಇರುತ್ತೆ. ಆಡುವವರು ಒಂದನ್ನು ಆರಿಸಿದರೆ ಕತೆ ಆ ಕಡೆ ಹೊರಳುತ್ತೆ. ನಾಯಕ ಒಬ್ಬ ದಡ್ಡ ಗೂಢಚಾರ. ಜಾಗ ಆಳಂದ, ಅಫಜಲಪುರ, ಜೇವರ್ಗಿ. ಕಾಲ 1948ರ ಬೇಸಿಗೆ. ನಗಿಸಬೇಕು ಅನ್ನೋದಷ್ಟೇ ನನ್ನ ಉದ್ದೇಶವಾಗಿತ್ತು.

ಇಂಥ ಆಟಗಳ ಚರಿತ್ರೆ ದೊಡ್ಡದೇನಲ್ಲ. 1976ರಲ್ಲಿ ವಿಲ್ ಕ್ರೌಥರ್ ಎಂಬ ಅಮೆರಿಕದ ಪ್ರೋಗ್ರಾಮರ್ ತಾನು ಓಡಾಡಿದ ಗುಹೆಗಳನ್ನು ನೆನೆದು ಒಂದು ಅಕ್ಷರದ ಆಟ ಬರೆದ. ಮರುವರ್ಷ ಡಾನ್ ವುಡ್ಸ್ ಅದನ್ನು ಬೆಳೆಸಿದ. ಅದೇ ದಾರಿಯಲ್ಲಿ 1979ರಲ್ಲಿ ಶುರುವಾದ ಇನ್ಫೋಕಾಮ್ ಕಂಪನಿ ಮುಂದಿನ ಹತ್ತು ವರ್ಷ ಇಂಥ ಆಟಗಳನ್ನೇ ಮಾರಿತು. ಅದರ 1987ರ ಒಂದು ಆಟ ‘ಬಾರ್ಡರ್ ಝೋನ್’. ಬರೆದವನು ಮಾರ್ಕ್ ಬ್ಲಾಂಕ್. ಫ್ರಾಬ್ನಿಯಾ ಅನ್ನೋ ಇಲ್ಲದ ದೇಶ, ಅದರ ಗಡಿ, ಆ ಗಡಿ ದಾಟುವ ಬೇಹುಗಾರರು. ಆಟದ ಡಬ್ಬಿಯಲ್ಲಿ ಆ ಸುಳ್ಳು ದೇಶದ ಪ್ರವಾಸಿ ಕೈಪಿಡಿಯೂ ಇತ್ತು, ಓದಿದರೆ ನಗು ತಡೆಯೋಕಾಗಲ್ಲ.

ಅದರಲ್ಲಿ ಮೂರು ಅಧ್ಯಾಯ. ಮೊದಲನೆಯದರಲ್ಲಿ ನೀವು ರೈಲಿನಲ್ಲಿ ಸಿಕ್ಕಿಬಿದ್ದ ಸಾಧಾರಣ ವ್ಯಾಪಾರಿ. ಎರಡನೆಯದರಲ್ಲಿ ಗಡಿ ದಾಟಬೇಕಾದ ಅಮೆರಿಕದ ಗೂಢಚಾರ. ಮೂರನೆಯದರಲ್ಲಿ ನೀವೇ ಎದುರಾಳಿ, ರಷ್ಯದ ಕೆಜಿಬಿಯವನು! ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಕನ್ನಡದಲ್ಲಿ ಇಂಥದ್ದು ಆಗ ಯಾಕೆ ಬರಲಿಲ್ಲ? ಬೇಹುಗಾರರ ಹುಚ್ಚು ನಮಗೇನು ಕಡಿಮೆ ಇರಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು 500ಕ್ಕೂ ಹೆಚ್ಚು. 1968ರಲ್ಲಿ ‘ಜೇಡರ ಬಲೆ’ಯಿಂದ ಶುರುವಾಗಿ ರಾಜಕುಮಾರ್ ಸಿಐಡಿ 999 ಆಗಿ ಸಾಲುಸಾಲು ಸಿನಿಮಾ ಕೊಟ್ಟರು. ಕೊರತೆ ಇದ್ದದ್ದು ಅಕ್ಷರದಲ್ಲಿ. ಅಂದಿನ ಮನೆ ಕಂಪ್ಯೂಟರುಗಳಲ್ಲಿ ಒಂದು ಅಕ್ಷರಕ್ಕೆ ಎಂಟು ಚುಕ್ಕಿ ಎತ್ತರ, ಎಂಟು ಚುಕ್ಕಿ ಅಗಲ. ಅದರೊಳಗೆ ಇಂಗ್ಲಿಷ್ ಅಕ್ಷರ ಆರಾಮವಾಗಿ ಕೂರುತ್ತೆ. ‘ಸ್ತ್ರೀ’ಯನ್ನು ಕೂರಿಸಿ ನೋಡೋಣ :-) ಯುನಿಕೋಡಿನಲ್ಲಿ ಕನ್ನಡ ಬಂದದ್ದು 1991ರಲ್ಲಿ. ಸಾಮಾನ್ಯರ ವಿಂಡೋಸ್‌ನಲ್ಲಿ ತುಂಗಾ ಫಾಂಟಿನ ಜೊತೆ ಅದು ಕಾಣಿಸಿದ್ದು 2001ರಲ್ಲಿ. ಅಷ್ಟರಲ್ಲಿ ಇನ್ಫೋಕಾಮ್ ಮುಚ್ಚಿ ಹನ್ನೆರಡು ವರ್ಷ ಆಗಿತ್ತು. ನಮ್ಮ ಅಕ್ಷರ ಪರದೆಗೆ ಬರುವ ಹೊತ್ತಿಗೆ ಅಕ್ಷರದ ಆಟದ ಅಂಗಡಿ ಬಾಗಿಲು ಹಾಕಿತ್ತು.

ಇನ್ನೊಂದು ತೊಡಕು ವ್ಯಾಕರಣದ್ದು. ಹಳೇ ಆಟಗಳಲ್ಲಿ ಆಡುವವರು ಅಪ್ಪಣೆಯನ್ನು ಟೈಪ್ ಮಾಡಬೇಕಿತ್ತು, ಇಂಗ್ಲಿಷಿನಲ್ಲಿ ಎರಡು ಪದ ಸಾಕು. ನಮ್ಮಲ್ಲಿ ಕಂದೀಲು, ಕಂದೀಲನ್ನು, ಕಂದೀಲಿಗೆ, ಕಂದೀಲಿನಿಂದ... ಮೇಲೆ ಒಬ್ಬರು ‘ತೆಗೆದುಕೊ’ ಅಂತಾರೆ, ಇನ್ನೊಬ್ಬರು ‘ತಗೋ’, ನಮ್ಮ ಕಡೆಯವರು ‘ತೊಗೊ’. ಯಂತ್ರ ತಲೆ ಕೆಡಿಸಿಕೊಳ್ಳುತ್ತೆ. ಅದಕ್ಕೇ ನಾನು ದಾರಿ ಆರಿಸುವ ಬಗೆ ಹಿಡಿದೆ. 2009ರಲ್ಲಿ ಬಂದ ಟ್ವೈನ್ ಅನ್ನೋ ಪುಕ್ಕಟೆ ತಂತ್ರಾಂಶ ಇದಕ್ಕೆ ಸಾಕು. ಅದು ಕತೆಯನ್ನು ವೆಬ್ ಪುಟವಾಗಿ ಕೊಡೋದರಿಂದ ಕನ್ನಡ ಒತ್ತು ಮುರಿಯದೆ ಕಾಣುತ್ತೆ.

ಈಗ ಜಾಗದ ವಿಷಯ. ಫ್ರಾಬ್ನಿಯಾ ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ. 1948ರಲ್ಲಿ ಈ ಮೂರೂ ತಾಲ್ಲೂಕು ನಿಜಾಮನ ಹೈದರಾಬಾದ್ ಸಂಸ್ಥಾನದ ಅಂಚು. ಆಳಂದದಿಂದ ಪಶ್ಚಿಮಕ್ಕೆ ಹೋದರೆ ಅಕ್ಕಲಕೋಟೆ, ಸೊಲ್ಲಾಪುರ. ಅಫಜಲಪುರದವರಿಗೆ ಭೀಮಾ ನದಿಯ ಆಚೆ ದಂಡೆ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆ. ಜೇವರ್ಗಿಯಿಂದ ಎರಿ ಹೊಲಗಳಲ್ಲಿ ನಡೆದರೆ ಸಿಂದಗಿ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರು 1903ರಲ್ಲಿ ಹುಟ್ಟಿದ್ದು ಆ ಸಿಂದಗಿಯಲ್ಲೇ. ಒಂದು ಗಡಿ ರಸ್ತೆ, ಒಂದು ನದಿ, ಒಂದು ಹೊಲ. ನನಗೆ ಮೂರು ಅಧ್ಯಾಯ ತಾನಾಗೇ ಸಿಕ್ಕಿತು.

ಗಡಿ ದಾಟಿದರೆ ದುಡ್ಡೂ ಬೇರೆ. ಈ ಕಡೆ ನಿಜಾಮನ ಹಾಲಿ ಸಿಕ್ಕಾ, ಆ ಕಡೆ ಕಲ್ದಾರ್ ರೂಪಾಯಿ. ಆರು ಕಲ್ದಾರಿಗೆ ಸುಮಾರು ಏಳು ಹಾಲಿ. ಗೂಢಚಾರನನ್ನು ಹಿಡಿಯೋಕೆ ಇದಕ್ಕಿಂತ ಒಳ್ಳೆ ಬಲೆ ಯಾವುದು? ನನ್ನ ಆಟದ ಒಂದು ತುಣುಕು ನೋಡಿ:

ಗಾಣಗಾಪುರ ರೋಡ್ ಸ್ಟೇಷನ್. ನೀನು ದತ್ತನ ದರ್ಶನಕ್ಕೆ ಸೊಲ್ಲಾಪುರದಿಂದ ಬಂದ ಭಕ್ತನ ವೇಷದಲ್ಲಿದ್ದೀಯ. ಚಹಾ ಕುಡಿದಾಯಿತು. ಈಗ,
1. ಕಲ್ದಾರ್ ಕೊಡು
2. ಹಾಲಿ ಕೊಡು
3. ಏನೂ ಕೊಡದೆ ಓಡು

ಹಾಲಿ ಕೊಟ್ಟರೆ ಚಹಾದವನು, “ಈಗರೆ ಇಳದೀರಿ, ಕೈಯಾಗ ಹಾಲಿ ಹೆಂಗ ಬಂತ್ರಿ?” ಅಂತ ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಕೂಗ್ತಾನೆ. ಕಲ್ದಾರ್ ಕೊಟ್ಟರೆ ಅವನು ಆರಕ್ಕೆ ಏಳರ ಲೆಕ್ಕ ಹಾಕಿ ಚಿಲ್ಲರೆ ಕೊಡೋದರೊಳಗೆ ಕಾಗದ ತಂದವನು ರೈಲು ಹತ್ತಿ ಹೋಗಿರ್ತಾನೆ. ಓಡಿದರೆ ಚಹಾದವನ ಜೊತೆ ಸ್ಟೇಷನ್ನಿನ ನಾಯಿಯೂ ಬೆನ್ನು ಹತ್ತುತ್ತೆ.

ಆಳಂದದ ಕರೋಡಗಿರಿ ನಾಕಾದಲ್ಲಿ ಪೊಲೀಸರನ್ನು ದಾಟಿದರೂ ಅಲ್ಲಿ ಕೂತ ಮುದುಕಿಯನ್ನು ದಾಟೋಕಾಗಲ್ಲ. “ಯಾವೂರು? ಯಾರ ಪೈಕಿ?” ನೀವು ಯಾವ ಊರಿನ ಹೆಸರು ಆರಿಸಿದರೂ ಅಲ್ಲಿಗೆ ಆಕೆಯ ಮಗಳನ್ನು ಕೊಟ್ಟಿರ್ತಾರೆ. ಎಲ್ಲಾ ದಾರಿಗಳೂ ಆಕೆಯ ಮನೆಯ ರೊಟ್ಟಿ ಊಟಕ್ಕೇ ಹೋಗಿ ಮುಟ್ಟುತ್ತವೆ. ನಮ್ಮ ಕಡೆ ಸುಳ್ಳು ಹೆಸರು ಇಟ್ಟುಕೊಳ್ಳಬಹುದು, ಸುಳ್ಳು ಸೋದರತ್ತೆಯನ್ನು ಎಲ್ಲಿಂದ ತರ್ತೀರಿ?

ಇಲ್ಲಿವರೆಗೆ ಸಲೀಸಾಗಿ ಬರೆದೆ. ಒಂದು ಸಣ್ಣ ಪದ ಮಾತ್ರ ಕಾಡುತ್ತಲೇ ಇತ್ತು. ಆಡುವವರನ್ನು ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ? ಇಂಗ್ಲಿಷಿಗೆ ಈ ತಲೆನೋವೇ ಇಲ್ಲ. ಕನ್ನಡದಲ್ಲಿ ಮೊದಲ ಸಾಲಿನಲ್ಲೇ ತೀರ್ಮಾನ ಮಾಡಬೇಕು. ಆಮೇಲೆ ಇದೇ ಒಂದು ಅನುಕೂಲ ಅನ್ನಿಸಿತು. ನಾಕಾದವನು ‘ಹೋಗ್ರಿ’ ಅಂದರೆ ವೇಷ ಫಲಿಸಿದೆ, ‘ಹೋಗಲೇ’ ಅಂದರೆ ಕೂಲಿಯವನು ಅಂದುಕೊಂಡಿದ್ದಾನೆ. ಯಾರು ಯಾರಿಗೆ ಏನಾಗಿ ಕಾಣ್ತಾರೆ ಅನ್ನೋದು ಕ್ರಿಯಾಪದದ ಬಾಲದಲ್ಲೇ ಗೊತ್ತಾಗುತ್ತೆ.

ಆಮೇಲೆ ಸ್ಟೇಷನ್ ದೃಶ್ಯ ತಿದ್ದುವಾಗ ಆ ಕಾಲದ ಘಟನೆಗಳನ್ನು ಓದಿದೆ. 1948ರ ಮೇ ತಿಂಗಳಲ್ಲಿ ಇದೇ ಗಾಣಗಾಪುರ ಸ್ಟೇಷನ್ನಿನಲ್ಲಿ ರಜಾಕಾರರು ರೈಲಿನ ಮೇಲೆ ದಾಳಿ ಮಾಡಿದ್ದರು. ಜೀವ ಹೋಗಿತ್ತು. ನಾನು ನಾಯಿ ಓಡಿಸಿ ನಗಿಸ್ತಾ ಇದ್ದ ಪ್ಲಾಟ್‌ಫಾರ್ಮ್ ಅದು. ಎರಡು ದಿನ ಏನೂ ಬರೆಯೋಕಾಗಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು, ಮುಖ್ಯ ಪಡೆ ಸೊಲ್ಲಾಪುರದ ಕಡೆಯಿಂದ. 17ರಂದು ನಿಜಾಮ ಶರಣಾದ. ನಾವು ಆ ದಿನವನ್ನು ವಿಮೋಚನೆ ಅಂತ ಆಚರಿಸ್ತೀವಿ, ಆಚರಿಸಲೇಬೇಕು. ಅದರ ನಂತರದ್ದನ್ನು ಕಡಿಮೆ ಮಾತಾಡ್ತೀವಿ. ಭಾರತ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಆಗ ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗವನ್ನೂ ಹೆಸರಿಸಿತ್ತು. ಆ ವರದಿ ದಶಕಗಟ್ಟಲೆ ಪ್ರಕಟವಾಗಲಿಲ್ಲ.

ಆಗ ಬಾರ್ಡರ್ ಝೋನಿನ ಮೂರನೇ ಅಧ್ಯಾಯ ನೆನಪಾಯಿತು. ಶೀತಲ ಸಮರ ಇನ್ನೂ ನಡೀತಿದ್ದಾಗಲೇ ಒಬ್ಬ ಅಮೆರಿಕನ್ ತನ್ನ ಓದುಗನನ್ನು ರಷ್ಯದವನ ಕುರ್ಚಿಯಲ್ಲಿ ಕೂರಿಸಿದ. ಕಾದಂಬರಿಯಲ್ಲಿ ಎದುರಾಳಿಯ ಬಗ್ಗೆ ಓದ್ತೀವಿ. ಆಟದಲ್ಲಿ ಮುಂದಿನ ಹೆಜ್ಜೆ ನಾವೇ ಇಡಬೇಕು, ಪರಿಣಾಮವೂ ನಮ್ಮದೇ. ನಮ್ಮ ಭಾಗದ ಚರಿತ್ರೆಯನ್ನು ಪ್ರತಿ ಮನೆಯಲ್ಲೂ ಒಂದೇ ಕುರ್ಚಿಯಿಂದ ಹೇಳ್ತಾರೆ. ಪಕ್ಕದ ಮನೆಯ ಕುರ್ಚಿ ಬೇರೆ.

ಹಾಗಾಗಿ ಆಟ ಬದಲಾಯಿಸಿದ್ದೀನಿ. ಆಳಂದದಲ್ಲಿ ನೀವು ಆ ದಡ್ಡ ಗೂಢಚಾರ. ಅಫಜಲಪುರದಲ್ಲಿ ರಾತ್ರೋರಾತ್ರಿ ಜನರನ್ನು ಭೀಮೆ ದಾಟಿಸುವ ಅಂಬಿಗ. ಜೇವರ್ಗಿಯಲ್ಲಿ ನಾಕಾದ ಮುಸ್ಲಿಂ ಗುಮಾಸ್ತ. ಸೆಪ್ಟೆಂಬರ್ 17 ಕಳೆದಿದೆ, ಕೈಯಲ್ಲಿ ಉರ್ದು ದಫ್ತರು, ಬಾಗಿಲಲ್ಲಿ ಯಾರೋ ಬಡಿಯುತ್ತಿದ್ದಾರೆ. ಅಲ್ಲೂ ಆ ಮುದುಕಿಯನ್ನು ತಂದಿದ್ದೀನಿ, ಮಗಳ ಊರಿಗೆ ಬಂದಿರ್ತಾಳೆ. “ಯಾರ ಪೈಕಿ?” ಅಂತ ಅವನನ್ನೂ ಕೇಳ್ತಾಳೆ. ಈ ಸಲ ಉತ್ತರಕ್ಕೆ ಕಾಯದೆ “ನಮ್ಮ ಪೈಕಿ” ಅಂತ ತಾನೇ ಹೇಳಿ ಒಳಗೆ ಕರ್ಕೊಳ್ತಾಳೆ. ಬೇರೆ ದಾರಿಗಳನ್ನೂ ಬರೆದಿದ್ದೀನಿ. ಅವು ಹಾಗೆ ಮುಗಿಯೋದಿಲ್ಲ.

ಹಾಲಿ ಸಿಕ್ಕಾ 1959ರಲ್ಲಿ ನಿಂತುಹೋಯಿತು. ಜೇವರ್ಗಿ-ಸಿಂದಗಿ ನಡುವಿನ ರಾಜ್ಯದ ಗಡಿ 1956ರ ನವೆಂಬರ್ 1ರಂದು ಅಳಿಸಿಹೋಯಿತು. ಆಳಂದ-ಅಕ್ಕಲಕೋಟೆ ನಡುವಿನದು ಕರ್ನಾಟಕ-ಮಹಾರಾಷ್ಟ್ರದ ಗಡಿಯಾಗಿ ಇವತ್ತಿಗೂ ಇದೆ.

ಆಟ ಇನ್ನೂ ಅರ್ಧ ಆಗಿದೆ. ನಿಮ್ಮ ಮನೆಯಲ್ಲಿ ಆ ಕಾಲದ ಕತೆ ಕೇಳಿದವರಿದ್ದರೆ, ಯಾವ ಕುರ್ಚಿಯದಾದರೂ ಸರಿ, ಬರೆಯಿರಿ. ಗಂಭೀರವಾದದ್ದೇ ಬೇಕಂತಿಲ್ಲ, ಚಹಾ ದುಡ್ಡಿನ ಜಗಳವಾದರೂ ನಡೆಯುತ್ತೆ :-)