ಆಕಾಶಕ್ಕೆ ಹಾಕಿದ ಬೇಲಿ

ಕಾಡಿನ ಸುತ್ತ ಬೇಲಿ ಹಾಕುವುದು ಹೊಸತೇನಲ್ಲ. ಆದರೆ ಕಾಡಿನ ಮೇಲಿನ ಆಕಾಶಕ್ಕೆ? 1949ರ ಡಿಸೆಂಬರ್ 17ರಂದು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಅಂಥದೊಂದು ಆದೇಶಕ್ಕೆ ಸಹಿ ಹಾಕಿದರು.

ಮಿನೆಸೋಟ ರಾಜ್ಯದ ಉತ್ತರದಂಚಿನಲ್ಲಿ, ಕೆನಡಾ ಗಡಿಗೆ ಹೊಂದಿಕೊಂಡಂತೆ ಸುಪೀರಿಯರ್ ರಾಷ್ಟ್ರೀಯ ಅರಣ್ಯವಿದೆ. ಹಿಮನದಿಗಳು ಕೊರೆದುಹೋದ ಬಂಡೆಗಳ ನಡುವೆ ಸಾವಿರಕ್ಕೂ ಹೆಚ್ಚು ಸರೋವರಗಳು. ಒಂದನ್ನು ದೋಣಿಯಲ್ಲಿ ದಾಟಿ, ದೋಣಿಯನ್ನೇ ಹೆಗಲಿಗೇರಿಸಿಕೊಂಡು ನಡೆದು, ಮುಂದಿನದರಲ್ಲಿ ಇಳಿಸಬೇಕು. ಈ ಕಾಲುದಾರಿಗಳನ್ನು ಮಾಡಿದವರು ಒಜಿಬ್ವೆ ಮುಂತಾದ ಮೂಲನಿವಾಸಿಗಳು. ತುಪ್ಪಳದ ವ್ಯಾಪಾರಿಗಳ ದೋಣಿಗಳು ಬಂದದ್ದು ಆಮೇಲೆ.

1920ರ ದಶಕದಲ್ಲಿ ಇಲ್ಲಿ ರಸ್ತೆಗಳ ವಿರುದ್ಧ ಹೋರಾಟ ನಡೆಯಿತು. 1930ರಲ್ಲಿ ಬಂದ ಕಾಯ್ದೆ, ಅಣೆಕಟ್ಟು ಕಟ್ಟಿ ಸರೋವರಗಳ ನೀರಿನ ಮಟ್ಟ ಬದಲಿಸುವುದನ್ನೂ ದಡದ ಮರ ಕಡಿಯುವುದನ್ನೂ ತಡೆಯಿತು. ನೆಲ, ನೀರು ಎರಡಕ್ಕೂ ರಕ್ಷಣೆ ಸಿಕ್ಕಿತು. ಆಕಾಶದ ಮಾತು ಅದರಲ್ಲಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದಾಗ ತರಬೇತಾದ ಪೈಲಟ್‌ಗಳಿದ್ದರು, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಗಳೂ ಇದ್ದವು. ಅರಣ್ಯದೊಳಗೆ ಅಲ್ಲಲ್ಲಿ ಖಾಸಗಿ ಜಮೀನು ಉಳಿದಿತ್ತು. ಅಲ್ಲಿ ರೆಸಾರ್ಟ್‌ಗಳು ಎದ್ದವು. ದಿನಗಟ್ಟಲೆ ಹುಟ್ಟು ಹಾಕಿ ತಲುಪಬೇಕಿದ್ದ ಸರೋವರಕ್ಕೆ ಈಲಿ ಎಂಬ ಪಟ್ಟಣದಿಂದ ಹಾರಿದವರು ಸ್ವಲ್ಪ ಹೊತ್ತಿನಲ್ಲೇ ಹೋಗಿ ಇಳಿದು, ಮೀನು ಹಿಡಿದು, ಅಂದೇ ಮರಳತೊಡಗಿದರು.

ಅದೇ ಈಲಿಯಲ್ಲಿ ಕಾಲೇಜು ಮೇಷ್ಟರಾಗಿದ್ದ, ದೋಣಿಯ ಮಾರ್ಗದರ್ಶಿಯೂ ಲೇಖಕರೂ ಆಗಿದ್ದ ಸಿಗರ್ಡ್ ಓಲ್ಸನ್ ಇದನ್ನು ವಿರೋಧಿಸಿದರು. ದೂರವೇ ಆ ಸರೋವರಗಳನ್ನು ಕಾಪಾಡಿಕೊಂಡು ಬಂದಿತ್ತು; ದೂರ ಅಳಿದರೆ ನಿಶ್ಶಬ್ದವೂ ಅಳಿಯುತ್ತದೆ ಎಂಬುದು ಈ ಪಕ್ಷದವರ ವಾದ. ಎದುರು ಪಕ್ಷದ ಪ್ರಶ್ನೆಯೂ ಹಗುರವಾದದ್ದಲ್ಲ: ದೋಣಿ ಹೊರಲಾರದ ಮುದುಕರು ಏನು ಮಾಡಬೇಕು? ವಿಮಾನವನ್ನೇ ನಂಬಿದ ರೆಸಾರ್ಟಿನವರ ಹೊಟ್ಟೆಪಾಡೇನು?

ಖಾಸಗಿ ಜಮೀನು ಕೊಳ್ಳಲು 1948ರಲ್ಲಿ ಕಾಯ್ದೆಯಾಯಿತು. ಆದರೆ ಕೊಳ್ಳುವ ಕೆಲಸ ನಿಧಾನ. ಆಗ ಕೈಗೆ ಸಿಕ್ಕಿದ್ದು 1926ರ ವಾಯುಯಾನ ಕಾಯ್ದೆ. ದೇಶದ ರಕ್ಷಣೆಗಾಗಿ, ಇಲ್ಲವೇ ಸರ್ಕಾರದ ಬೇರೆ ಉದ್ದೇಶಗಳಿಗಾಗಿ ವಾಯುಪ್ರದೇಶವನ್ನು ಕಾದಿರಿಸುವ ಅಧಿಕಾರ ಅದರಲ್ಲಿ ಅಧ್ಯಕ್ಷರಿಗಿತ್ತು. ಕಾಡನ್ನು ಕಾಡಾಗಿಯೇ ಉಳಿಸುವುದು ಆ ‘ಬೇರೆ ಉದ್ದೇಶ’ಗಳಲ್ಲೊಂದಾಯಿತು.

ಆದೇಶದ ಪ್ರಕಾರ, ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗೆ ಆ ಪ್ರದೇಶದ ಮೇಲೆ ಹಾರುವಂತಿಲ್ಲ. ತುರ್ತು ಸಂದರ್ಭಕ್ಕೂ ಸರ್ಕಾರಿ ಕೆಲಸಕ್ಕೂ ವಿನಾಯಿತಿ. ನಿಷೇಧ 1951ರ ಜನವರಿ 1ರಿಂದ ಜಾರಿ. ಒಳಗೆ ಜಮೀನಿದ್ದವರಿಗೆ ಇನ್ನೊಂದು ವರ್ಷ ಕಾಲಾವಕಾಶ. ಅದು ಮುಗಿದ ಮೇಲೂ ಕೆಲವರು ಹಾರಾಟ ನಿಲ್ಲಿಸಲಿಲ್ಲ. ಮೊಕದ್ದಮೆಯಾಗಿ, 1953ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆದೇಶವನ್ನೇ ಎತ್ತಿಹಿಡಿಯಿತು.

ಊರಿನ ಸಿಟ್ಟು ಮಾತ್ರ ತೀರ್ಪಿನೊಂದಿಗೆ ಮುಗಿಯಲಿಲ್ಲ. 1977ರಲ್ಲಿ, ಮೋಟಾರು ದೋಣಿಗಳನ್ನೂ ನಿರ್ಬಂಧಿಸುವ ಮಸೂದೆಯ ಬಗ್ಗೆ ಈಲಿಯಲ್ಲಿ ಅಹವಾಲು ಸಭೆ ನಡೆದಾಗ, 78 ವರ್ಷದ ಓಲ್ಸನ್‌ರ ಪ್ರತಿಕೃತಿಯನ್ನು ಅವರದೇ ಊರಿನಲ್ಲಿ ನೇಣಿಗೆ ಹಾಕಲಾಯಿತು. ಅವರು ಆ ಸಭೆಯಲ್ಲಿ ಎದ್ದುನಿಂತು ತಮ್ಮ ಮಾತು ಹೇಳಿಯೇ ಹೇಳಿದರು. ಮುಂದಿನ ವರ್ಷ ಕಾಯ್ದೆ ಬಂತು.

ಈಗಲೂ ಈಲಿಯಿಂದ ಅರಣ್ಯ ಇಲಾಖೆಯ ಹಳೆಯ ಬೀವರ್ ವಿಮಾನಗಳು ಹಾರುತ್ತವೆ. ಕಾಡಿಗೆ ಬೆಂಕಿ ಬಿದ್ದಾಗ, ಯಾರಾದರೂ ಗಾಯಗೊಂಡಾಗ ಅವು ಆ ಸರೋವರಗಳಲ್ಲಿ ಇಳಿಯುತ್ತವೆ. ಉಳಿದವರು ದೋಣಿ ಹೊತ್ತುಕೊಂಡೇ ಹೋಗಬೇಕು.