ಆಕ್ಟೇನ್ ಎಂಬ ಅಂಕೆಯ ಚರಿತ್ರೆ

ಬಳ್ಳಾರಿಯಿಂದ ಸಿರುಗುಪ್ಪಕ್ಕೂ ಕುರುಗೋಡಿಗೂ ಸಾಗುವ ದಾರಿಗಳಲ್ಲಿ, ಬೇಸಗೆಯ ಮಧ್ಯಾಹ್ನ ಹೊರೆ ಹೇರಿಕೊಂಡ ಮೋಟಾರ್ ಸೈಕಲ್ಲಿನಿಂದ ಒಮ್ಮೊಮ್ಮೆ ಟಕಟಕನೆ ಲೋಹದ ಸದ್ದು ಹೊರಡುವುದನ್ನು ನಾನು ಕೇಳಿದ್ದೇನೆ. ಮೆಕ್ಯಾನಿಕ್ಕುಗಳು ಇದನ್ನು ‘ನಾಕಿಂಗ್’ ಎನ್ನುತ್ತಾರೆ. ಪೆಟ್ರೋಲಿನ ಗುಣ ಹೇಳುವ 91, 95 ಎಂಬ ಅಂಕೆಗಳು ಹುಟ್ಟಿದ್ದು ಈ ಸದ್ದಿನ ವಿಚಾರಣೆಯಿಂದಲೇ.

ಪಿಸ್ಟನ್ನು ಒತ್ತಿದ ಪೆಟ್ರೋಲು-ಗಾಳಿಯ ಮಿಶ್ರಣವು ಪ್ಲಗ್ಗಿನ ಕಿಡಿಯಿಂದ ಹೊತ್ತಿ ಕ್ರಮವಾಗಿ ಉರಿಯಬೇಕು. ಶಾಖವೂ ಒತ್ತಡವೂ ಮಿತಿಮೀರಿದರೆ, ಉರಿ ತಲುಪುವ ಮೊದಲೇ ಅಂಚಿನ ಮಿಶ್ರಣ ತಾನಾಗಿ ಸಿಡಿಯುತ್ತದೆ. ಬಳ್ಳಾರಿಯ ಬಿಸಿಲೂ ಭಾರದ ಹೊರೆಯೂ ಇದಕ್ಕೆ ಇಂಬು ಕೊಡುತ್ತವೆ. ಹೀಗೆ ಸಿಡಿಯದೆ ತಾಳಿಕೊಳ್ಳುವ ಗುಣದ ಅಳತೆಯೇ ಆಕ್ಟೇನ್. ಹೆಚ್ಚಿನ ಅಂಕೆಯೆಂದರೆ ಹೆಚ್ಚಿನ ಶಕ್ತಿ ಎಂಬ ನಂಬಿಕೆ ಸರಿಯಲ್ಲ. 91ಕ್ಕೆಂದು ರೂಪಿಸಿದ ಎಂಜಿನ್ನಿಗೆ ಅದಕ್ಕಿಂತ ದುಬಾರಿಯಾದ ಪೆಟ್ರೋಲು ಹಾಕಿ ವಿಶೇಷ ಲಾಭವಿಲ್ಲ.

ಈ ಮಾನದಂಡವನ್ನು 1926ರಲ್ಲಿ ಸೂಚಿಸಿದವರು ಅಮೆರಿಕದ ರಸಾಯನ ವಿಜ್ಞಾನಿ ಗ್ರಹಾಂ ಎಡ್ಗರ್. ಬೇಗ ಸಿಡಿಯುವ ಹೆಪ್ಟೇನಿಗೆ ಸೊನ್ನೆ, ತಾಳಿಕೊಳ್ಳುವ ಐಸೋ-ಆಕ್ಟೇನಿಗೆ ನೂರು. 91 ಎಂದರೆ 91 ಪಾಲು ಐಸೋ-ಆಕ್ಟೇನಿಗೆ 9 ಪಾಲು ಹೆಪ್ಟೇನ್ ಬೆರೆಸಿದಷ್ಟು ತಾಳಿಕೆ.

ಆದರೆ ಈ ತಾಳಿಕೆಗೆ ಜಗತ್ತು ತೆತ್ತ ಬೆಲೆ ಸಣ್ಣದಲ್ಲ. ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ಸಿಡಿತ ನಿಲ್ಲುವುದೆಂದು ಥಾಮಸ್ ಮಿಜ್ಲಿ 1921ರಲ್ಲಿ ಕಂಡುಕೊಂಡರು. 1924ರಲ್ಲೇ ನ್ಯೂಜೆರ್ಸಿಯ ಘಟಕವೊಂದರಲ್ಲಿ ಕಾರ್ಮಿಕರು ಆ ವಿಷದಿಂದ ಬುದ್ಧಿಭ್ರಮಣೆಗೊಂಡು ಸತ್ತರು. ಆದರೂ ಬಳಕೆ ನಿಲ್ಲಲಿಲ್ಲ. ಹೊಗೆಯೊಡನೆ ಹೊರಬಿದ್ದ ಸೀಸ ಬೀದಿಯ ಧೂಳಿಗೂ ಮಕ್ಕಳ ರಕ್ತಕ್ಕೂ ಸೇರಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳು ನಮ್ಮ ಊರುಗಳಲ್ಲಿ ಮೆರೆದದ್ದು ಆ ಸೀಸದ ಯುಗದಲ್ಲೇ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಭಾರತದಾದ್ಯಂತ ಸೀಸದ ಪೆಟ್ರೋಲು ನಿಂತದ್ದು 2000ದ ಫೆಬ್ರವರಿಯಲ್ಲಿ. ಕಟ್ಟಕಡೆಗೆ ಆಲ್ಜೀರಿಯ ಅದನ್ನು ಕೈಬಿಟ್ಟದ್ದು 2021ರಲ್ಲಿ.

ಇಂದು ಆಕ್ಟೇನನ್ನು ಹೆಚ್ಚಿಸುವ ಪದಾರ್ಥಗಳಲ್ಲಿ ಎಥನಾಲ್ ಮುಖ್ಯವಾದುದು. ಶೇಕಡಾ 20ರಷ್ಟು ಬೆರೆತ ಪೆಟ್ರೋಲು ನಮ್ಮ ಬಂಕುಗಳಿಗೆ ಬಂದಿದೆ. ಎಥನಾಲಿನ ಆಕ್ಟೇನ್ ನೂರನ್ನು ಮೀರಿದರೂ, ಲೀಟರಿಗೆ ಅದು ಕೊಡುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಪಾಲು ಕಡಮೆ. ಅಂಕೆಯೂ ಶಕ್ತಿಯೂ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈ ಎಥನಾಲ್ ಬರುವುದು ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪ, ಕುರುಗೋಡಿನ ಜನಕ್ಕೆ ಇದು ದೂರದ ಮಾತಲ್ಲ. ಅಂದು ಉಸಿರಿನಿಂದ ಕೊಂಡ ಅಂಕೆಯನ್ನು ಇಂದು ಹೊಲದಿಂದಲೂ ನೀರಿನಿಂದಲೂ ಕೊಳ್ಳುತ್ತಿದ್ದೇವೆ. ಸೀಸದ ಲೆಕ್ಕ ಕೇಳುವುದಕ್ಕೆ ಜಗತ್ತು ಬಹಳ ತಡಮಾಡಿತು; ಬೆಳೆಯ ಲೆಕ್ಕವನ್ನಾದರೂ ನಾವು ಸಕಾಲದಲ್ಲಿ ಕೇಳಬೇಕೆಂದು ನನ್ನ ಭಾವನೆ.