ಬೀಳಗಿಯ ಅಮೀರ್‌ಬಾಯಿ: ದನಿ ಮತ್ತು ಮುಖ

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೆ ದಶಕಗಳ ಮೊದಲೇ ಆ ಹೆಸರನ್ನು ಹಿಂದಿ ಚಿತ್ರಗಳಲ್ಲೂ ಗ್ರಾಮಫೋನ್ ತಟ್ಟೆಗಳಲ್ಲೂ ಮೆರೆಸಿದವರು ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ಸೋದರಿ ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಹಾಡಿ ನಟಿಸಿದರೆ, ಅಮೀರ್‌ಬಾಯಿ ಸಿನಿಮಾದ ದಾರಿ ಹಿಡಿದರು.

1934ರ ‘ವಿಷ್ಣುಭಕ್ತಿ’ ಅವರ ಮೊದಲ ಚಿತ್ರ. ಆಗ ನಟಿಯಾದವಳು ತಾನೇ ಹಾಡಬೇಕಿತ್ತು, ಅದೂ ಕ್ಯಾಮೆರಾದ ಎದುರಿನಲ್ಲಿ. ವಾದ್ಯದವರು ಮರೆಯಲ್ಲಿ ಕೂತಿರುತ್ತಿದ್ದರು. ಹಿನ್ನೆಲೆ ಗಾಯನ ಬೇರೂರಿದಂತೆ ಮುಖ ಒಬ್ಬರದು, ದನಿ ಇನ್ನೊಬ್ಬರದು ಎಂದಾಯಿತು. 1943ರ ‘ಕಿಸ್ಮತ್’ನಲ್ಲಿ ಜನ ಕಂಡದ್ದು ಮುಮ್ತಾಜ್ ಶಾಂತಿಯನ್ನು, ಕೇಳಿದ್ದು ಅಮೀರ್‌ಬಾಯಿಯ ಕಂಠವನ್ನು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಮೀರಿ ಓಡಿತು. ಮರುವರ್ಷ ನೌಷಾದರ ಸಂಗೀತದ ‘ರತನ್’ ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿತು.

1949ರ ‘ಮಹಲ್’ ಹೊತ್ತಿಗೆ ಗಾಳಿ ತಿರುಗಿತ್ತು. ಲತಾ ಮಂಗೇಶ್ಕರರ ತೆಳುವಾದ, ಎತ್ತರದ ದನಿಯೇ ನಾಯಕಿಯ ದನಿ ಎಂದು ನಿಶ್ಚಯವಾಗಿ, ತುಂಬುಕಂಠದವರಿಗೆ ಅವಕಾಶ ಕಡಿಮೆಯಾಯಿತು. ಅಮೀರ್‌ಬಾಯಿ ನಟನೆಗೆ ಮರಳಿದರು. ಹೆಚ್ಚಾಗಿ ಪೋಷಕ ಪಾತ್ರಗಳಿಗೆ. ಇದನ್ನು ಅವರ ಇಳಿಗಾಲವೆಂದು ಬರೆಯುವುದು ವಾಡಿಕೆ. ನನಗೇನೋ ಹಾಗನ್ನಿಸುವುದಿಲ್ಲ. ಅವರು ಚಿತ್ರರಂಗಕ್ಕೆ ಬಂದದ್ದೇ ನಟಿಯಾಗಿ. ಕಾಲ ಬದಲಾದರೂ ಕಸುಬು ಕೈಬಿಡಲಿಲ್ಲ. ವಿಚಿತ್ರವೆಂದರೆ, ಪರರ ಮುಖಕ್ಕೆ ದನಿಯಾದವರು ಮತ್ತೆ ತೆರೆಯ ಮೇಲೆ ಬಂದಾಗ ಆ ಚಿತ್ರಗಳ ನಾಯಕಿಗೆ ಹಾಡುವವರು ಬೇರೆಯವರಾಗಿದ್ದರು.

ಅಮೀರ್‌ಬಾಯಿ 1965ರಲ್ಲಿ ತೀರಿಕೊಂಡರು. ಕನ್ನಡದಲ್ಲಿ ರಹಮತ್ ತರೀಕೆರೆ ಅವರ ಜೀವನ ಚರಿತ್ರೆ ಬರೆದಿದ್ದಾರೆ. ವಿಜಯಪುರದ ಹಳಬರಿಗೆ ಮಾತ್ರ ಅಮೀರ್ ಎಂದರೆ ಮೊದಲು ನೆನಪಾಗುವುದು ಅವರ ಹೆಸರಿನ ಟಾಕೀಸು.